ಖೋ-ಖೋ ಹುಡುಗಿಯರ ಪಾಲಕರ ಸಮಿತಿ

ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಸದಲಗಾದ ಗಂಡಸರಿಗೆ ಹುಡುಗಿಯರ ಆಟದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಹುಟ್ಟಿತು. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅದುವರೆಗೆ ನಾವು ಶಾಲೆಯ ಹಿಂದಿನ ಬಯಲಿನಲ್ಲಿ ಖೋ-ಖೋ ಆಡುವುದು ಅವರ ಕಣ್ಣಿಗೆ ಬಿದ್ದಿರಲಿಲ್ಲ. ಬಿದ್ದಿದ್ದರೂ ಅದನ್ನು ಆಟ ಎಂದು ಯಾರೂ ಎಣಿಸಿರಲಿಲ್ಲ. ಸಂಜೆಯ ಕಸ-ಮುಸುರೆ ತಪ್ಪಿಸಿಕೊಳ್ಳಲು ಹುಡುಗಿಯರು ಕಂಡುಕೊಂಡ ಉಪಾಯ ಅಂದುಕೊಂಡಿದ್ದರು. ಅದರಲ್ಲಿ ಸ್ವಲ್ಪ ಸತ್ಯವೂ ಇತ್ತು.

ಪ್ರೀತಿ ಹುಟ್ಟಲು ಕಾರಣವಾದದ್ದು ಚಿಕ್ಕೋಡಿಯ ಪಂದ್ಯ. ಅಲ್ಲಿ ನಾವು ತಾಲೂಕಿನ ಎಲ್ಲ ಶಾಲೆಗಳನ್ನು ಸೋಲಿಸಿದೆವು. ನಾವು ಗೆದ್ದದ್ದು ಸುದ್ದಿಯಾಗಲಿಲ್ಲ; ಗೆಲ್ಲುವಾಗ ಏನು ತೊಟ್ಟಿದ್ದೆವು ಎಂಬುದು ಸುದ್ದಿಯಾಯಿತು. ನಮ್ಮ ಪಿ.ಟಿ. ಸರ್, ಲಂಗ ತೊಟ್ಟು ಓಡಿದರೆ ಬೀಳುತ್ತೀರಿ ಎಂದು, ಗಂಡು ಹುಡುಗರ ಕಬಡ್ಡಿ ತಂಡದ ಹಳೆಯ ಚಡ್ಡಿಗಳನ್ನು ಒಗೆಸಿ ನಮಗೆ ಕೊಟ್ಟಿದ್ದರು. ಮೊಣಕಾಲಿನವರೆಗೆ ಬರುವ, ಎಷ್ಟೋ ಪಂದ್ಯ ಕಂಡ ಚಡ್ಡಿಗಳು. ಆ ದಿನ ಕೋರ್ಟ್ ಕೆಲಸಕ್ಕೆ ಚಿಕ್ಕೋಡಿಗೆ ಬಂದಿದ್ದ ನಮ್ಮೂರಿನ ಹಿರಿಯರೊಬ್ಬರು ಮೈದಾನದ ಕಂಪೌಂಡಿನ ಮೇಲಿಂದ ಇಣುಕಿ ನೋಡಿದರು. ನಮ್ಮ ಬಸ್ಸು ಊರು ಮುಟ್ಟುವ ಮೊದಲೇ ನಮ್ಮ ಮೊಣಕಾಲುಗಳು ಊರು ಮುಟ್ಟಿದ್ದವು.

ಮುಂದಿನ ಸುತ್ತು ಅಥಣಿಯಲ್ಲಿತ್ತು. ಪಿ.ಟಿ. ಸರ್ ಪಾಲಕರ ಸಭೆ ಕರೆದರು. ಸರ್ ಬಡಕಲು ಮನುಷ್ಯ, ಕೊರಳಲ್ಲಿ ಸದಾ ಸೀಟಿ, ಜೋರಾಗಿ ಮಾತಾಡುವ ಕೆಲಸವನ್ನೆಲ್ಲ ಆ ಸೀಟಿಗೇ ವಹಿಸಿಬಿಟ್ಟಿದ್ದರು. ಅವರು ಕೇಳಿದ್ದು ಬಹಳ ಸಣ್ಣದು. ಬೆಳಿಗ್ಗೆ ಒಂದು ತಾಸು ಹುಡುಗಿಯರನ್ನು ಮನೆಗೆಲಸದಿಂದ ಬಿಡಬೇಕು. ಅಥಣಿಗೆ ಹೋಗುವಾಗ ಬುತ್ತಿ ಕಟ್ಟಿ ಕೊಡಬೇಕು. ಅಲ್ಲಿ ಎರಡು ದಿನ ಜೊತೆಗಿರಲು ಮನೆಯ ಹಿರಿಯರು ಯಾರಾದರೂ ಬರಬೇಕು.

ಕೇಳಿದ್ದಕ್ಕೆ ಉತ್ತರ ಕೊಡುವ ಮೊದಲು ನಮ್ಮ ಅಪ್ಪಂದಿರು ಒಂದು ಸಮಿತಿ ಮಾಡಿಕೊಂಡರು. ಊರ ಮುಂದಿನ ಕಬ್ಬಿನ ಹೊಲಗಳ ದೊಡ್ಡ ಸಾಹುಕಾರರು ಅಧ್ಯಕ್ಷರಾದರು. ಅವರ ಮಗಳು ನಮ್ಮ ತಂಡದಲ್ಲಿ ನೀರು ತರುವ ಕೆಲಸಕ್ಕಿದ್ದಳು. ಪಾಪ, ಓಟ ಅವಳ ಜಾಯಮಾನದಲ್ಲೇ ಇರಲಿಲ್ಲ. ನಮ್ಮ ಅಪ್ಪನ ಹತ್ತಿರ ಶಾಯಿ ಸೋರದ ಪೆನ್ನಿದ್ದುದರಿಂದ ಅವನು ಕಾರ್ಯದರ್ಶಿಯಾದ. ಉಪಾಧ್ಯಕ್ಷರು, ಸಹಕಾರ್ಯದರ್ಶಿ, ಸಲಹೆಗಾರರು ಎಂದು ಉಳಿದವರಿಗೂ ಒಂದೊಂದು ಹುದ್ದೆ ಸಿಕ್ಕಿತು. ಆಡುವವರಿಗಿಂತ ಆಡಿಸುವವರು ಹೆಚ್ಚಾದರು. ಆಮೇಲೆ ಚರ್ಚೆ ಶುರುವಾಯಿತು.

"ಹುಡಿಗ್ಯಾರು ಆಟಾ ಆಡೂದು ತಪ್ಪಲ್ಲರಿ ಮಾಸ್ತರ," ಎಂದರು ಅಧ್ಯಕ್ಷರು. "ಆದ್ರ ಮರ್ಯಾದಿ ಅನ್ನೂದು ಒಂದು ಐತೆಲಾ?"

"ಐತ್ರಿ," ಎಂದರು ಸರ್. "ಆದ್ರ ಖೋ-ಖೋದಾಗ ಓಡೂದೂ ಐತ್ರಿ."

"ಓಡ್ಲಿ, ಯಾರು ಬ್ಯಾಡಂದಾರ? ಮೈತುಂಬ ಅರಿಬಿ ತೊಟ್ಟು ಓಡ್ಲಿ. ಬರೋಬರ್ ಐತಿಲ್ಲೋ?"

"ಬರೋಬರ್ ಐತ್ರಿ," ಎಂದಿತು ಸಮಿತಿ. ಅವರೆಲ್ಲ ಒಂದೇ ಮಾತಿಗೆ ಒಪ್ಪಿದ್ದನ್ನು ಊರು ಅದಕ್ಕೂ ಮುಂಚೆ ಕಂಡಿರಲಿಲ್ಲ. ನೀರಿನ ಪಾಳಿಯ ವಿಷಯದಲ್ಲಿ ಇದೇ ಜನ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ.

ಹೀಗೆ ಪೈಜಾಮದ ಠರಾವು ಪಾಸಾಯಿತು. ನಿಪ್ಪಾಣಿಯಿಂದ ಬಿಳಿ ಬಟ್ಟೆ ಬಂತು. ಹೊಲಿಯುವ ಕೆಲಸ ನಮ್ಮೂರ ಸಿಂಪಿಗರಿಗೆ ಹೋಯಿತು. ಅವರು ಜನ್ಮದಲ್ಲಿ ಗಂಡಸರ ಪೈಜಾಮ ಬಿಟ್ಟು ಬೇರೆ ಹೊಲಿದವರಲ್ಲ. ಹುಡುಗಿಯರ ಅಳತೆಯನ್ನು ಅವರಿಂದ ತೆಗೆಸುವುದು ಸರಿಯಲ್ಲ ಎಂದು ಸಮಿತಿಗೆ ಅನ್ನಿಸಿತು. ಹಾಗಾದರೆ ಅಳತೆ ಹೇಗೆ? ಅಪ್ಪಂದಿರೇ ಒಬ್ಬೊಬ್ಬರಾಗಿ ಹೋಗಿ ಟೇಪಿನ ಮುಂದೆ ನಿಂತರು. ಅದರಲ್ಲಿ ಅಂದಾಜಿನ ಮೇಲೆ ಸ್ವಲ್ಪ ಕಡಿಮೆ ಮಾಡಿ ಹೊಲಿಯಿರಿ ಎಂದು ಹೇಳಿದರು. ಮಕ್ಕಳ ಆಟಕ್ಕಾಗಿ ನಮ್ಮ ತಂದೆಯರು ಮೈ ಬಳಸಿ ಮಾಡಿದ ಸೇವೆ ಅದೊಂದೇ ಎಂದು ಕಾಣುತ್ತದೆ. ಸಿಂಪಿಗರು ಬಟ್ಟೆ ಉಳಿಸುವ ಜನವಲ್ಲ. ನನ್ನ ಪೈಜಾಮದೊಳಗೆ ನಾನೂ ನನ್ನ ತಂಗಿಯೂ ಒಟ್ಟಿಗೆ ನಿಲ್ಲಬಹುದಾಗಿತ್ತು.

ಜೊತೆಗೆ ಯಾರು ಹೋಗಬೇಕು ಎಂಬ ಮಾತು ಬಂದಾಗ ಮಾತ್ರ ಸಭೆ ತಣ್ಣಗಾಯಿತಂತೆ. ಒಬ್ಬರಿಗೆ ಕಬ್ಬು ಕಡಿಯುವ ಪಾಳಿ, ಒಬ್ಬರಿಗೆ ಬೋರಗಾಂವದಲ್ಲಿ ಮಗ್ಗದ ರಿಪೇರಿ, ಒಬ್ಬರಿಗೆ ಬೀಗರ ಮನೆಯ ಸೀಮಂತ. ಕೊನೆಗೆ ನಮ್ಮ ಅಪ್ಪ ಎದ್ದು ನಿಂತು, "ನಮ್ಮ ಮನ್ಯಾಕಿ ಹೊಕ್ಕಾಳ್ರಿ," ಎಂದ. ಚಪ್ಪಾಳೆ ಬಿತ್ತು. ಅವ್ವ ಆಗ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಸ್ವಯಂಸೇವೆಗೆ ತಾನು ಮುಂದೆ ಬಂದಿರುವುದು ಅವಳಿಗೆ ಗೊತ್ತಾದದ್ದು ಅಪ್ಪ ಊಟಕ್ಕೆ ಕುಳಿತಾಗ.

"ನಿನ್ನ ಹೆಸರು ಕೊಟ್ಟೇನಿ," ಎಂದ ಅಪ್ಪ.

"ಎದಕ್ಕ?"

"ಅಥಣಿಗೆ ಹೋಗಾಕ. ಹುಡಿಗ್ಯಾರ ಸಂಗಾಟ."

"ಎಮ್ಮಿ ಯಾರು ಹಿಂಡ್ತಾರ?"

"ಎಮ್ಮಿ ಹಿಂಡೂದು ಏನು ಮಹಾ ಕೆಲಸ? ನಾ ಹಿಂಡ್ತೇನಿ. ಎರಡು ದಿನದ ಮಾತು."

ಅವ್ವ ಇನ್ನೊಂದು ರೊಟ್ಟಿ ಅವನ ತಾಟಿಗೆ ಹಾಕಿದಳು. ನಮ್ಮ ಎಮ್ಮೆ ಅವ್ವನ ಕೈಗಲ್ಲದೆ ಬೇರೆಯವರ ಕೈಗೆ ಬಗ್ಗುತ್ತಿರಲಿಲ್ಲ. ಆ ವಿಷಯ ಅಪ್ಪನಿಗೆ ತಿಳಿದಿರಲಿಲ್ಲ. ಅವ್ವ ತಿಳಿಸಲೂ ಇಲ್ಲ.

ಇನ್ನೊಬ್ಬ ಹೆಂಗಸು ಯಾರೂ ಕರೆಯದೆ ತಾನಾಗಿ ಬಂದಳು. ನಮ್ಮ ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದ ಹುಡುಗಿಯ ತಾಯಿ. ನಾವು ಅವಳನ್ನು ಕಾಕು, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದೆವು. ಅವರದು ಕುರಿ ಸಾಕುವ ಮನೆ, ಊರ ಹೊರಗೆ ದೂಧಗಂಗೆಯ ದಂಡೆಯ ಕಡೆ. ಸಮಿತಿಯ ಸಭೆಗೆ ಆ ಮನೆಯವರನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಹೊರಡುವ ದಿನ ಕಾಕು ತಲೆಯ ಮೇಲೆ ಒಂದು ಕಂಬಳಿಯ ಗಂಟು ಹೊತ್ತು ಬಸ್ ಸ್ಟ್ಯಾಂಡಿಗೆ ಬಂದು ನಿಂತಳು. "ನಮ್ಮ ಪೋರಿ ನನ್ನ ಬಿಟ್ಟು ಎಂದೂ ಮಲಗಿಲ್ರಿ. ನಾನೂ ಬರ್ತೇನಿ," ಎಂದಳು. ಸರ್ ಬೇಡ ಅನ್ನಲು ಸೀಟಿ ಬಾಯಿಗೆತ್ತುವಷ್ಟರಲ್ಲಿ ಅವಳು ಬಸ್ಸಿನೊಳಗೆ ಕುಳಿತಾಗಿತ್ತು.

ಅಥಣಿಯಲ್ಲಿ ನಮಗೆ ಒಂದು ಶಾಲೆಯ ಕೋಣೆ ಕೊಟ್ಟಿದ್ದರು. ಪಾಲಕರು ತಂಡಕ್ಕೆ ಹೇಗೆ ನೆರವಾಗಬೇಕು ಎಂದು ಅವ್ವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಅವಳಿಗೆ ಗೊತ್ತಿದ್ದ ನೆರವು ಒಂದೇ, ಉಣ್ಣಿಸುವುದು. ಮೊದಲನೆಯ ಪಂದ್ಯಕ್ಕೆ ಅರ್ಧ ತಾಸು ಇರುವಾಗ ನಮ್ಮನ್ನೆಲ್ಲ ಸಾಲಾಗಿ ಕೂರಿಸಿ ಹೋಳಿಗೆ ಬಡಿಸಿದಳು, ಮೇಲೆ ತುಪ್ಪ. ಬೇಡ ಅಂದವರಿಗೆ ಇನ್ನೊಂದು.

"ಓಡೂ ಹುಡಿಗ್ಯಾರು ಖಾಲಿ ಹೊಟ್ಟೀಲೆ ಓಡ್ತಾರೇನ? ತಿನ್ರೆವಾ," ಎನ್ನುತ್ತಾ ಕಾಕು ಶೇಂಗಾ ಉಂಡೆ ಹಂಚಿದಳು.

ರಾಯಬಾಗದ ಕಡೆಯ ಒಂದು ತಂಡದ ಜೊತೆ ನಮ್ಮ ಆಟ. ನಾವು ಅಂಗಳದಲ್ಲಿ ಓಡಲಿಲ್ಲ, ಉರುಳಿದೆವು. ನಮ್ಮ ಕ್ಯಾಪ್ಟನ್ ಕಂಬದ ಬಳಿ ನಿಂತು ಎಲ್ಲರೆದುರು ವಾಂತಿ ಮಾಡಿದಳು. ಎದುರಿನ ತಂಡದವರೂ ಮನೆಯಿಂದ ಒಳ್ಳೆಯ ಪಾಲಕರನ್ನೇ ಕರೆತಂದಿದ್ದರೆಂದು ತೋರುತ್ತದೆ, ಅವರು ನಮಗಿಂತ ಮೆಲ್ಲಗೆ ಓಡಿದರು. ಹೇಗೋ ಗೆದ್ದೆವು. ಆಟ ಮುಗಿದ ಮೇಲೆ ಸರ್ ಕೈಮುಗಿದು, "ಅಕ್ಕಾರ, ನಿಮ್ಮ ಕಾಲಿಗೆ ಬೀಳ್ತೇನಿ, ಇನ್ನ ಮ್ಯಾಲ ಆಟ ಮುಗದ ಮ್ಯಾಲ ತಿನಸ್ರಿ," ಎಂದರು. ಅವ್ವ ಮಾತು ಬೇಗ ಅರ್ಥಮಾಡಿಕೊಳ್ಳುವವಳು. ಅಲ್ಲಿಂದ ಮುಂದೆ ಆಟದ ಮೊದಲು ನಮ್ಮನ್ನು ನೀರಿನ ಕೊಡದ ಹತ್ತಿರವೂ ಬಿಡಲಿಲ್ಲ.

ಆಟ ನೋಡುವುದೂ ಅವರಿಬ್ಬರಿಗೆ ಹೊಸದು. "ಅಲ್ಲಾ, ಓಡೂದಿದ್ರ ಎಲ್ಲಾರೂ ಓಡಬೇಕಪಾ. ಇವರ್ಯಾಕ ಹಿಂಗ ಒಬ್ಬಾಕಿ ಈ ಕಡೆ, ಒಬ್ಬಾಕಿ ಆ ಕಡೆ ಮಾರಿ ಮಾಡಿ ಕುಂತಾರ? ಜಗಳ ಆಡ್ಯಾರೇನ?" ಎಂದು ಅವ್ವ ಬೆಳಿಗ್ಗೆ ಕೇಳಿದ್ದಳು. ಮಧ್ಯಾಹ್ನ ಎರಡನೆಯ ಪಂದ್ಯದ ಹೊತ್ತಿಗೆ, ಬೆನ್ನಟ್ಟುವವಳು ಕುಳಿತವಳ ಬೆನ್ನು ಮುಟ್ಟಿ ಖೋ ಅಂದರೆ ಅವಳು ಏಳಬೇಕು, ಎದ್ದವಳ ಜಾಗದಲ್ಲಿ ಇವಳು ಕೂರಬೇಕು ಎಂಬುದು ಅವಳಿಗೆ ತಿಳಿದುಹೋಗಿತ್ತು. ತಿಳಿದ ಕೂಡಲೇ ಅಂಪೈರಿನ ಜೊತೆ ಜಗಳಕ್ಕಿಳಿದಳು. ಕಾಕು ಜಗಳಕ್ಕೆ ಹೋಗಲಿಲ್ಲ. ಗೆರೆಯ ಉದ್ದಕ್ಕೂ ಮಗಳ ಸರಿಸಮ ತಾನೂ ಓಡುತ್ತಾ, "ಪಳ್ ಪೋರಿ, ಪಳ್!" ಎಂದು ಮರಾಠಿಯಲ್ಲಿ ಕೂಗುತ್ತಿದ್ದಳು. ಓಡು ಎನ್ನುವುದಕ್ಕೆ ಕನ್ನಡ ಸಾಕಾಗುವುದಿಲ್ಲ ಎಂದು ಅವಳ ಅಭಿಪ್ರಾಯವಿರಬೇಕು.

ಸಮಿತಿಯ ಪೈಜಾಮಗಳು ತಮ್ಮ ಗುಣ ತೋರಿಸಿದ್ದು ಆ ಎರಡನೆಯ ಪಂದ್ಯದಲ್ಲಿ. ಕ್ಯಾಪ್ಟನ್ ತನ್ನ ಪೈಜಾಮದ ತುದಿಯನ್ನು ತಾನೇ ತುಳಿದು ಮುಖ ಕೆಳಗಾಗಿ ಬಿದ್ದಳು. ಅವಳ ಮೊಣಕಾಲಿನ ಚರ್ಮ ಸುಲಿದು ಬಿಳಿ ಬಟ್ಟೆ ಕೆಂಪಾಯಿತು. ನನ್ನ ಪೈಜಾಮದ ಲಾಡಿ ಬಿಚ್ಚಿತು. ಒಂದು ಕೈಯಲ್ಲಿ ಊರ ಮರ್ಯಾದೆಯನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಎದುರಾಳಿಯನ್ನು ಹಿಡಿಯಲು ಓಡಿದೆ. ಮೈದಾನದ ಸುತ್ತ ಕುಳಿತವರು ನಕ್ಕರು. ನನಗೆ ಅಳು ಬಂತು. ಕಾಕುವಿನ ಮಗಳು ಒಬ್ಬಳೇ ತನ್ನ ಪೈಜಾಮವನ್ನು ಕಚ್ಚೆಯ ಹಾಗೆ ಎತ್ತಿ ಸಿಕ್ಕಿಸಿಕೊಂಡು, ಯಾರ ಕೈಗೂ ಸಿಗದೆ, ನಮ್ಮನ್ನು ಗೆಲ್ಲಿಸಿದಳು.

ಕೋಣೆಗೆ ಬಂದ ಮೇಲೆ ಅವ್ವ ಕ್ಯಾಪ್ಟನ್ ಹುಡುಗಿಯ ಗಾಯ ತೊಳೆದು ಅರಿಶಿನ ಹಚ್ಚಿದಳು. ಆಮೇಲೆ ಎದ್ದು ರಸ್ತೆಯಾಚೆಯ ಮನೆಗೆ ಹೋಗಿ ಒಂದು ಕತ್ತರಿ ಕೇಳಿ ತಂದಳು. ಸಂಜೆಯ ಬಿಸಿಲು ಇನ್ನೂ ಕಿಟಕಿಯಲ್ಲಿತ್ತು.

"ಎಲ್ಲಾರೂ ಪೈಜಾಮಾ ಬಿಚ್ಚಿ ಇಲ್ಲಿ ಹಾಕ್ರಿ," ಎಂದಳು.

"ಅಕ್ಕಾರ, ಸಾವ್ಕಾರ್ರು ಏನಾರ ಅಂದ್ರ?" ಎಂದಳು ಕಾಕು.

"ಅವರು ಬಂದು ಓಡ್ತಾರೇನ?"

ಕಾಕು ಒಂದು ಪೈಜಾಮ ಎತ್ತಿ ಎರಡೂ ಕೈ ಅಗಲಿಸಿ ಹಿಡಿದು ನೋಡಿದಳು. "ಇದು ಯಾರ ಯಜಮಾನ್ರ ಸೊಂಟರೀ ಅಕ್ಕಾರ? ನಿಮ್ಮವರದೇನ?"

ಅವ್ವ ಬಟ್ಟೆಯನ್ನು ಅಳೆಯುವ ಹಾಗೆ ನೋಡಿ, "ಹೂಂ, ಅವರದ. ಉಂಡು ಬೆಳಿಸಿದ್ದು," ಎಂದಳು. ಇಬ್ಬರೂ ನಗಲು ಶುರುಮಾಡಿದರು. ಕತ್ತರಿ ಕೆಳಗಿಟ್ಟು, ಗೋಡೆಗೆ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವ್ವ ಕಾಲು ಚಾಚಿ ಕುಳಿತಿದ್ದಳು. ಮನೆಯಲ್ಲಿ ಅವಳು ಹಾಗೆ ಕುಳಿತದ್ದನ್ನು ನಾನು ನೋಡಿದ ನೆನಪಿಲ್ಲ. ಅವಳಿಗೆ ಅಷ್ಟು ನಗಲು ಬರುತ್ತದೆ ಎಂಬುದೂ ನನಗೆ ಗೊತ್ತಿರಲಿಲ್ಲ. ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಯಾಕೋ ಹೊಟ್ಟೆಕಿಚ್ಚಾಯಿತು. ಈ ಹೆಂಗಸು ಇಷ್ಟು ವರ್ಷ ನಮ್ಮ ಮನೆಯಲ್ಲಿ ಎಲ್ಲಿದ್ದಳು ಅನ್ನಿಸಿತು. ಬೆಳಕು ಹೋಗುವಷ್ಟರಲ್ಲಿ ಪೈಜಾಮಗಳೆಲ್ಲ ಮೊಣಕಾಲಿಗೆ ಬಂದು ನಿಂತವು. ಅಂಚು ಮಡಿಚಿ ಹೊಲಿದು, ಲಾಡಿಯ ಕಡೆ ಎರಡು ನೆರಿಗೆ ಹಿಡಿದು ಕೊಟ್ಟರು.

ಮರುದಿನ ಮಧ್ಯಾಹ್ನ ಫೈನಲ್, ಅಥಣಿಯದೇ ತಂಡದ ಎದುರು. ಆಟ ಶುರುವಾಗಲು ಸ್ವಲ್ಪ ಹೊತ್ತಿರುವಾಗ ಒಂದು ಜೀಪು ಬಂದು ನಿಂತಿತು. ಕಬ್ಬಿನ ಪಾಳಿ, ಮಗ್ಗದ ರಿಪೇರಿ, ಸೀಮಂತ ಎಲ್ಲವೂ ಒಂದೇ ದಿನ ಮುಗಿದಿದ್ದವೆಂದು ಕಾಣುತ್ತದೆ. ಇಡೀ ಸಮಿತಿ ಇಳಿಯಿತು. ಜೊತೆಗೆ ಹಾರಗಳ ಬುಟ್ಟಿ, ಚಿಕ್ಕೋಡಿಯಿಂದ ಕರೆತಂದ ಫೋಟೋಗ್ರಾಫರ್. ಎಲ್ಲರೂ ಹೋಗಿ ಮುಂದಿನ ಸಾಲಿನ ಕುರ್ಚಿಗಳಲ್ಲಿ ಕುಳಿತರು. ನಮ್ಮ ಅಪ್ಪ ಮಾತ್ರ ಕೈಗೆ ಬಟ್ಟೆ ಸುತ್ತಿಕೊಂಡು ಹಿಂದೆ ನಿಂತಿದ್ದ.

ಅಧ್ಯಕ್ಷರು ನಮ್ಮನ್ನು ನೋಡಿದರು. ನಮ್ಮ ಮುಖವನ್ನಲ್ಲ.

"ಮಾಸ್ತರ, ಪೈಜಾಮಾ ಎಲ್ಲಿ ಹೋದ್ವು?"

ಸರ್ ಸೀಟಿಯನ್ನು ಬಾಯಿಗಿಟ್ಟುಕೊಂಡು ಅವ್ವನ ಕಡೆ ನೋಡಿದರು.

"ಅಲ್ಲೇ ಅದಾವಲ್ರಿ," ಎಂದಳು ಅವ್ವ, ಸೆರಗು ಸರಿಮಾಡಿಕೊಳ್ಳುತ್ತಾ. "ಅಥಣಿ ನೀರಾಗ ಒಗದೆರಿ. ಕುಗ್ಗಿದ್ವು."

"ಮೊಣಕಾಲು ತನಕಾ ಕುಗ್ಗಿದ್ವು?"

"ನಿಪ್ಪಾಣಿ ಅರಿಬಿ ಹಂಗ ನೋಡ್ರಿ."

ಆಟ ನಿಲ್ಲಿಸುತ್ತೇನೆ, ತಂಡವನ್ನು ಹೀಗೇ ಜೀಪಿನಲ್ಲಿ ತುಂಬಿಕೊಂಡು ಹೋಗುತ್ತೇನೆ ಎಂದು ಅಧ್ಯಕ್ಷರು ಎದ್ದು ನಿಂತರು. ಕಾಕು ಬಹಳ ವಿನಯದಿಂದ ಕೇಳಿದಳು: "ನಿಲ್ಲಸ್ರಿ ಸಾವ್ಕಾರ್ರ. ಆದ್ರ ಹಾರ ತಂದೀರಲ್ರಿ, ಅವನ್ನ ಯಾರಿಗೆ ಹಾಕ್ತೀರಿ? ಫೋಟೋದವಾ ಬ್ಯಾರೆ ಬಂದಾನ."

ಅಧ್ಯಕ್ಷರು ಹಾರದ ಬುಟ್ಟಿ ನೋಡಿದರು, ಕ್ಯಾಮೆರಾ ನೋಡಿದರು, ನಮ್ಮ ಮೊಣಕಾಲು ಇನ್ನೊಮ್ಮೆ ನೋಡಿದರು. ಕುಳಿತುಕೊಂಡರು. ಕುಗ್ಗುವ ಬಟ್ಟೆ ಕೊಟ್ಟ ನಿಪ್ಪಾಣಿಯ ಅಂಗಡಿಯವನನ್ನು ಬೈಯುವುದು ಹೆಚ್ಚು ಸುರಕ್ಷಿತ ಎಂದು ತೋರಿರಬೇಕು.

ಆ ಗದ್ದಲದಲ್ಲಿ ಅಪ್ಪ ಮೆಲ್ಲಗೆ ಅವ್ವನ ಹತ್ತಿರ ಬಂದ. ನಾನು ಕಾಲಿಗೆ ಮಣ್ಣು ಹಚ್ಚಿಕೊಳ್ಳುತ್ತಾ ಅಲ್ಲೇ ಇದ್ದೆ.

"ಹೊಂಡು, ಮನಿಗೆ ಹೋಗೂಣು. ಎಮ್ಮಿ ಹಿಂಡಾಕ ಕೊಡವಲ್ದು. ಒದ್ದೈತಿ ನೋಡಿಲ್ಲಿ," ಎಂದು ಬಟ್ಟೆ ಸುತ್ತಿದ ಕೈ ತೋರಿಸಿದ. "ಹಾಲೆಲ್ಲಾ ಕರ ಕುಡ್ಯಾಕತ್ತೈತಿ."

"ಕುಡೀಲಿ. ಅದರ ಹೊಟ್ಟೀನೂ ಒಮ್ಮಿ ತುಂಬ್ಲಿ," ಎಂದಳು ಅವ್ವ. "ಆಟ ಮುಗ್ಯೂತನಕಾ ನಾ ಇಲ್ಲಿಂದ ಏಳೂದಿಲ್ಲ. ನೀವೂ ಕುಂದರ್ರಿ. ನಿಮ್ಮ ಮಗಳು ಆಡಾಕತ್ತಾಳ."

ಅಪ್ಪ ಮುಂದಿನ ಸಾಲಿನ ಕುರ್ಚಿಗೆ ಹೋಗಲಿಲ್ಲ. ಅವ್ವನ ಪಕ್ಕದಲ್ಲಿ, ನೆಲದ ಮೇಲೆ ಕುಳಿತ. ನಾನು ಆಡುವುದನ್ನು ಅವನು ನೋಡಿದ್ದು ಅದೇ ಮೊದಲು. ಬೆನ್ನಟ್ಟುವ ನಮ್ಮ ಸರದಿಯಲ್ಲಿ ನಾನು ಕಂಬ ಸುತ್ತಿ ತಿರುಗಿ, ಅಥಣಿಯ ಒಬ್ಬ ಉದ್ದನೆಯ ಹುಡುಗಿಯನ್ನು ಹಾರಿ ಮುಟ್ಟಿದೆ. ಮುಟ್ಟಿ ಎದ್ದು ನೋಡಿದರೆ ಅಪ್ಪ ಪೆಟ್ಟಾದ ಕೈಯನ್ನು ಮರೆತು ಚಪ್ಪಾಳೆ ತಟ್ಟಿ, ನೋವಿಗೆ ಮುಖ ಕಿವುಚಿಕೊಂಡಿದ್ದ.

ಆದರೂ ಸೋತೆವು, ಒಂದೇ ಅಂಕದಲ್ಲಿ. ಕೊನೆಗೆ ಅಂಗಳದಲ್ಲಿ ಉಳಿದವಳು ಕಾಕುವಿನ ಮಗಳು. ಅವಳ ಬೆನ್ನಿಗೆ ಬೆರಳು ತಾಗಿತೋ ಇಲ್ಲವೋ, ಅಂಪೈರ್ ಸೀಟಿ ಊದಿದ. "ಮುಟ್ಟಿಲ್ಲ! ದೇವರಾಣಿ ಮುಟ್ಟಿಲ್ಲ!" ಎಂದು ಅವ್ವ ಎದ್ದು ಅಂಗಳಕ್ಕೇ ನುಗ್ಗಿದಳು. ಅವಳ ಹಿಂದೆ ಅಪ್ಪನೂ ನುಗ್ಗಿದ. ಕಾರ್ಯದರ್ಶಿಯನ್ನು ಹೊರಗೆ ಕಳಿಸದಿದ್ದರೆ ಎರಡನೆಯ ಬಹುಮಾನವನ್ನೂ ಕೊಡುವುದಿಲ್ಲ ಎಂದು ಸಂಘಟಕರು ಹೇಳಬೇಕಾಯಿತು.

ಇನ್ನು ಹಾರಗಳ ಪ್ರಶ್ನೆ. ಗೆದ್ದವರಿಗೆಂದು ತಂದದ್ದನ್ನು ಸೋತವರಿಗೆ ಹಾಕಿದರೆ ಏನು ಚೆಂದ ಎಂದು ಸಮಿತಿ ಯೋಚಿಸಿತು. ಹೂವು ಬಾಡಿಹೋಗುವುದೂ ಸರಿಯಲ್ಲ. ಕೊನೆಗೆ ಉಪಾಧ್ಯಕ್ಷರು ಅಧ್ಯಕ್ಷರಿಗೆ ಹಾಕಿದರು, ಅಧ್ಯಕ್ಷರು ಸಲಹೆಗಾರರಿಗೆ ಹಾಕಿದರು. ಸೋಲು ಗೆಲುವಿಗಿಂತ ಸಂಸ್ಕೃತಿ ದೊಡ್ಡದು ಎಂದು ಅಧ್ಯಕ್ಷರು ಭಾಷಣ ಮಾಡಿದರು. ಫೋಟೋ ತೆಗೆಸಿಕೊಂಡರು. ಆ ಫೋಟೋದಲ್ಲಿ ಸಾಲು ಸಾಲು ಹಾರಗಳಿವೆ. ಹಿಂದೆ ಎಲ್ಲೋ ನಮ್ಮಲ್ಲಿ ಯಾರದೋ ಜಡೆಯ ರಿಬ್ಬನ್ನು ಕಾಣುತ್ತದೆ.

ಮುಂದಿನ ವರ್ಷ ಸರ್ ಮತ್ತೆ ಸಭೆ ಕರೆದಾಗ ಸಮಿತಿಯವರು ಬರಲಿಲ್ಲ. ಸೋಲುವ ತಂಡಕ್ಕೆ ದುಡಿದು ಅವರು ದಣಿದಿದ್ದರು. ಬಂದವರು ತಾಯಂದಿರು. ಅವ್ವ ಮತ್ತು ಕಾಕು ಮನೆ ಮನೆಗೆ ಹೋಗಿ ಕರೆತಂದಿದ್ದರು. ಯಾರೂ ಅಧ್ಯಕ್ಷರಾಗಲಿಲ್ಲ, ಅದರ ನೆನಪೇ ಯಾರಿಗೂ ಆಗಲಿಲ್ಲ. ಬೆಳಿಗ್ಗೆ ಅಭ್ಯಾಸಕ್ಕೆ ಬರುವ ಹುಡುಗಿಯ ಮನೆಯ ನೀರು ಯಾರು ತುಂಬಬೇಕು, ಯಾರ ಮಗಳನ್ನು ಯಾರು ಹೊಲದಿಂದ ಬಿಡಿಸಿ ಕರೆತರಬೇಕು ಎಂದು ಮಾತಾಡಿಕೊಂಡು ಎದ್ದುಹೋದರು. ಸಭೆ ಅಷ್ಟು ಬೇಗ ಮುಗಿದದ್ದಕ್ಕೆ ಸರ್ ಗಾಬರಿಯಾದರು. ಅವರು ಎಲ್ಲರಿಗೂ ಚಹಾ ಹೇಳಿದ್ದರು, ಚಹಾ ಇನ್ನೂ ಬಂದಿರಲಿಲ್ಲ.

ಅಪ್ಪನಿಗೆ ಈ ಸಲ ಯಾರೂ ಏನೂ ಕೇಳಲಿಲ್ಲ. "ನಾ ನಾಳೆ ಹೊಂಟೇನಿ," ಎಂದಳು ಅವ್ವ, ಅಷ್ಟೇ. ಮರುದಿನ ಅಪ್ಪ ಅವ್ವನ ಹಳೆಯ ಸೀರೆಯನ್ನು ಸುತ್ತಿಕೊಂಡು, ತಲೆಯ ಮೇಲೆ ಸೆರಗು ಹೊದ್ದು ಎಮ್ಮೆಯ ಬುಡಕ್ಕೆ ಕುಳಿತನಂತೆ. ಎಮ್ಮೆ ಮೂಸಿ ನೋಡಿ ಹಾಲು ಬಿಟ್ಟಿತಂತೆ. ಬೇಲಿಯಾಚೆಯಿಂದ ನೋಡಿದ ಪಕ್ಕದ ಮನೆಯವರು ಇದನ್ನು ಏಕಸಂಬಿಯ ತನಕ ಸುದ್ದಿ ಮಾಡಿದರು. ಹುಡುಗಿಯರ ಕ್ರೀಡೆಗೆ ನಮ್ಮೂರಿನ ಗಂಡಸರಿಂದ ಸಂದ ನೆರವಿನಲ್ಲಿ ಇದಕ್ಕೆ ಸಮನಾದದ್ದು ಇನ್ನೊಂದಿಲ್ಲ. ನಾನು ಇದನ್ನು ತಮಾಷೆಗೆ ಹೇಳುತ್ತಿಲ್ಲ.

ಆ ವರ್ಷ ನಾವು ಅಥಣಿಯವರನ್ನು ಸೋಲಿಸಿದೆವು. ಮುಂದೆ ಬೆಳಗಾವಿಗೆ ಹೋಗಿ ಮೊದಲ ಪಂದ್ಯದಲ್ಲೇ, ಯಾರ ಮೇಲೂ ತಪ್ಪು ಹೊರಿಸಲು ಬಾರದಷ್ಟು ಸ್ಪಷ್ಟವಾಗಿ ಸೋತೆವು. ಅವರ ಹುಡುಗಿಯರಿಗೆ ಬೂಟುಗಳಿದ್ದವು. ಬೂಟಿಲ್ಲದಿದ್ದರೂ ಅವರು ಗೆಲ್ಲುತ್ತಿದ್ದರು.

ತಿರುಗಿ ಬರುವಾಗ ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಸದಲಗಾದ ಬಸ್ಸಿಗೆ ಕಾಯುತ್ತಿದ್ದೆವು. ತಂಬಾಕಿನ ವಾಸನೆ, ಮಧ್ಯಾಹ್ನದ ಧೂಳು. ನಾವು ಹುಡುಗಿಯರು ಸುಸ್ತಾಗಿ ಚೀಲಗಳಿಗೆ ಒರಗಿದ್ದೆವು. ತಾಯಂದಿರು ಮಾತ್ರ ಗುಂಪಾಗಿ ಕುಳಿತು, ಬೆನ್ನಟ್ಟುವಾಗ ಯಾರು ಯಾವ ಕಂಬದ ಹತ್ತಿರ ತಿರುಗಬೇಕಿತ್ತು, ಯಾರಿಗೆ ಖೋ ಕೊಡಬೇಕಿತ್ತು ಎಂದು ಕೈ ಮಾಡಿ ತೋರಿಸುತ್ತಾ ವಾದ ಮಾಡುತ್ತಿದ್ದರು. ಅಷ್ಟು ಹೆಂಗಸರು ಒಟ್ಟಿಗೆ ಊರು ಬಿಟ್ಟಿದ್ದಾರೆಂದರೆ ಒಂದು ಲಗ್ನವಿರಬೇಕು, ಇಲ್ಲ ದೇವರಿರಬೇಕು. ಪಕ್ಕದಲ್ಲಿ ಕುಳಿತಿದ್ದ ರುಮಾಲಿನ ಅಜ್ಜನೊಬ್ಬ ತಡೆಯಲಾರದೆ ಕೇಳಿದ:

"ಯಾರ ಲಗ್ನಕ್ಕ ಹೋಗಿದ್ರೆವಾ?"

"ಲಗ್ನ ಅಲ್ರಿ ಯಜ್ಜಾ," ಎಂದಳು ಅವ್ವ. "ಬೆಳಗಾಂವಿಗೆ ಖೋ-ಖೋ ಆಡಾಕ ಹೋಗಿದ್ವಿ."

ಅಜ್ಜ ಅವಳ ನರೆತ ಕೂದಲು ನೋಡಿದ, ಪಕ್ಕದ ಕಾಕುವನ್ನು ನೋಡಿದ. "ಯಾರು, ನೀವಾ?"

"ಹೌದ್ರಿ, ನಾವಽ," ಎಂದಳು ಅವ್ವ. ಆಮೇಲೆ ಸ್ವಲ್ಪ ಸಂಕಟದಿಂದ, "ಸೋತ್ವಿ," ಎಂದು ಸೇರಿಸಿದಳು.